ಲ್ಯಾಪ್‌ಟಾಪಿನ ಆಯುಷ್ಯವೂ ನಮ್ಮ ಎಚ್ಚರವೂ
(ನೆಗಮಂನಲ್ಲಿ ಮಾಡಿದ ಭಾಷಣ)



೨೦೧೧ರ ಸೆಪ್ಟೆಂಬರಿನಲ್ಲಿ ತಮಿಳುನಾಡು ಸರಕಾರವು ವಿದ್ಯಾರ್ಥಿಗಳಿಗೆ ಉಚಿತ ಲ್ಯಾಪ್‌ಟಾಪ್ ಹಂಚಲಾರಂಭಿಸಿದ ಮೇಲೆ ನೇಕಾರರ ಮನೆಗಳಿಗೂ ಆ ಯಂತ್ರವು ಪ್ರವೇಶಿಸಿತು. ಅಕ್ಕನಿಗೆ ದೊರೆತುದನ್ನು ಈಗ ತಮ್ಮನು ಬಳಸುತ್ತಿರುವುದೂ ಉಂಟು. ಅಂತಹ ಹಳೆಯ ಯಂತ್ರವನ್ನು ಬಾಳಿಸುವ ಬಗೆ ಹೇಗೆ?

ಅದರೊಳಗಿನ ಹಾರ್ಡ್ ಡಿಸ್ಕಿನ ತಟ್ಟೆಯು ಸಾಮಾನ್ಯವಾಗಿ ನಿಮಿಷಕ್ಕೆ ೫೪೦೦ ಸುತ್ತು ತಿರುಗುತ್ತದೆ. ಓದಿ ಬರೆಯುವ ಪುಟ್ಟ ತಲೆಯು ತಟ್ಟೆಯನ್ನು ಮುಟ್ಟದೆ, ಕೂದಲೆಳೆಗಿಂತ ಎಷ್ಟೋ ಕಿರಿದಾದ ಅಂತರದಲ್ಲಿ ತೇಲುತ್ತದೆ. ಕೆಲಸವಿಲ್ಲದಾಗ ವಿದ್ಯುತ್ತನ್ನು ಉಳಿಸಲು ಅದು ಬದಿಗೆ ಸರಿದು ವಿಶ್ರಮಿಸುತ್ತದೆ. ವಿಶ್ರಾಂತಿಯೇನೋ ಒಳ್ಳೆಯದೇ, ಆದರೆ ಕ್ಷಣಕ್ಷಣಕ್ಕೂ ಮಲಗಿ ಏಳುವವನಿಗೆ ಆಯಾಸವೇ ಹೆಚ್ಚು. ಇಂತಹ ಅನೇಕ ಡಿಸ್ಕುಗಳಿಗೆ ತಯಾರಕರು ಗೊತ್ತುಪಡಿಸಿರುವ ಮಿತಿ ೬ ಲಕ್ಷ ಸಲ. ನಿಮಿಷಕ್ಕೆರಡು ಸಲದಂತೆ ದಿನಕ್ಕೆ ೫ ಗಂಟೆ ಹೀಗಾದರೆ ೬೦೦ ಸಲವಾಯಿತು. ಸಾವಿರ ದಿನಗಳಲ್ಲಿ ಆ ಮಿತಿ ತೀರಿತು!

ತಲೆಯನ್ನು ಪದೇಪದೇ ಎಬ್ಬಿಸುವವರಾರು? ನಾವು ಸುಮ್ಮನಿದ್ದಾಗಲೂ ಟಿಪ್ಪಣಿ ಬರೆಯುತ್ತಲೇ ಇರುವ ಕಾರ್ಯಾಚರಣ ವ್ಯವಸ್ಥೆ. ೨೦೦೭ರಲ್ಲಿ ಉಬುಂಟು ಬಳಸುವವರಲ್ಲಿ ಈ ವಿಷಯವು ದೊಡ್ಡ ಚರ್ಚೆಯಾಯಿತು. ವಿದ್ಯುತ್ ಉಳಿತಾಯದ ಬಿಗಿಯನ್ನು ತುಸು ಸಡಿಲಿಸುವುದೇ ಪರಿಹಾರ. ವ್ಯವಸ್ಥೆಯನ್ನು ನವೀಕರಿಸಿದಾಗ ಈ ಹೊಂದಾಣಿಕೆಯು ಅಳಿಸಿಹೋಗಬಹುದಾದುದರಿಂದ ಮತ್ತೊಮ್ಮೆ ಪರೀಕ್ಷಿಸತಕ್ಕದ್ದು.

ಆದರೂ ನವೀಕರಣವನ್ನು ಬಿಡಲಾಗದು. ೨೦೨೫ರ ಅಕ್ಟೋಬರ್ ೧೪ರಂದು ವಿಂಡೋಸ್ ೧೦ಕ್ಕೆ ಸಾಮಾನ್ಯ ಬೆಂಬಲವು ಮುಗಿಯಿತು. ವಿಂಡೋಸ್ ೧೧ ಹಿಡಿಸದ ಹಳೆಯ ಯಂತ್ರಗಳಿಗೆ ಹಗುರವಾದ ಲಿನಕ್ಸ್ ಸಾಕು. ಸರಕಾರವಿತ್ತ ಅನೇಕ ಯಂತ್ರಗಳಲ್ಲಿ ಸಿ-ಡ್ಯಾಕ್ ಸಂಸ್ಥೆಯು ರೂಪಿಸಿದ ಬಾಸ್ ಲಿನಕ್ಸ್ ಇದ್ದುದನ್ನು ನೀವು ಬಲ್ಲಿರಿ.

ಹೊಸ ಹಾಸನ್ನು ಏರಿಸುವ ಮುನ್ನ ನೇಯ್ದ ಸೀರೆಯನ್ನು ಕೊಯ್ದು ತೆಗೆದಿರಿಸುವುದು ನೆಗಮಂ ನೇಕಾರನಿಗೆ ಹೇಳಿಕೊಡಬೇಕಾದ ಮಾತಲ್ಲ. ಹಾಗೆಯೇ ನವೀಕರಿಸುವ ಮುನ್ನ ಪಾಠ, ಪ್ರಮಾಣಪತ್ರ, ಸೀರೆಯ ವಿನ್ಯಾಸ ಎಲ್ಲವನ್ನೂ ಬೇರೊಂದು ಡಿಸ್ಕಿಗೆ ನಕಲಿಸಿರಿ. ಚಾರ್ಜರ್ ಜೋಡಿಸಿರಿ. ಯಂತ್ರವು ನಡೆಯುತ್ತಿರುವಾಗ ಎತ್ತಿ ಅಲುಗಿಸದಿರಿ. ಡಿಸ್ಕು ಸವೆದಿದ್ದರೆ, ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿಯನ್ನು ಹಾಕಿಸಿರಿ. ಅದಕ್ಕೂ ಬರೆಯುವಿಕೆಯ ಮಿತಿಯೊಂದುಂಟು. ಆದುದರಿಂದ ನಕಲು ಆಗಲೂ ಬೇಕು.

ಯಂತ್ರವು ಕೆಟ್ಟರೆ ಹಣ ಕೊಟ್ಟು ಇನ್ನೊಂದನ್ನು ತರಬಹುದು. ಮಗಳು ವರ್ಷವೆಲ್ಲ ಬರೆದಿಟ್ಟುದನ್ನು ಯಾವ ಅಂಗಡಿಯಲ್ಲಿಯೂ ಕೊಳ್ಳಲಾಗದು. ಈ ಸಂಜೆಯೇ ತಂದೆತಾಯಿಗಳು ಮಕ್ಕಳೊಡನೆ ಕುಳಿತು ಮೊದಲ ನಕಲನ್ನು ಮಾಡಿಸಬೇಕೆಂದು ಕೋರಿ ನನ್ನ ಮಾತನ್ನು ಮುಗಿಸುತ್ತೇನೆ.