ನೆರೆಯ ಶಿಲ್ಪಸಿರಿ



ಶನಿವಾರ ಭಾನುವಾರಗಳ ಬಿಡುವಿನಲ್ಲಿ ನೀವು ಬೇಲೂರು ಹಳೇಬೀಡುಗಳನ್ನು ನೋಡಿಬಂದುದು ಸಂತೋಷದ ಸಂಗತಿ. ಆದರೆ ತಿಪಟೂರು ಸೀಮೆಯ ತೆಂಗಿನ ತೋಟಗಳ ನಡುವಣ ಅರಳಗುಪ್ಪೆಯನ್ನು ನಿಮ್ಮಲ್ಲಿ ಎಷ್ಟು ಮಂದಿ ಕಂಡಿರುವಿರಿ? ಅಲ್ಲಿಯ ಕಲ್ಲೇಶ್ವರ ದೇವಾಲಯವು 9ನೆಯ ಶತಮಾನದ್ದು. 1117ರಲ್ಲಿ ಪ್ರತಿಷ್ಠಿತವಾದ ಬೇಲೂರಿನ ಗುಡಿಗಿಂತ ಸುಮಾರು ಇನ್ನೂರು ವರ್ಷ ಹಿರಿಯದು. ಅದರ ಭುವನೇಶ್ವರಿಯ ನಡುವೆ ನರ್ತಿಸುವ ಶಿವನು, ಸುತ್ತಲೂ ಅಷ್ಟದಿಕ್ಪಾಲಕರು. ತಲೆಯೆತ್ತಿ ನಿಲ್ಲದವನಿಗೆ ಅದು ಕಾಣದು. ತುರುವೇಕೆರೆ ನಾಗಲಾಪುರಗಳಲ್ಲಿಯೂ ಹೊಯ್ಸಳರ ಕಾಲದ ಗುಡಿಗಳುಂಟು.

ಶಿಲ್ಪಿಯು ಬಹುದಿನ ಶ್ರಮಿಸಿ ಕಡೆದ ಬಳಪದ ಕಲ್ಲಿನ ಮೇಲೆ ಹೆಸರು ಗೀಚಲು ಅರೆಗಳಿಗೆ ಸಾಕು. ಆ ಗಾಯವನ್ನು ಮಾಯಿಸಲು ಯಾರಿಂದಲೂ ಆಗದು. ಆದುದರಿಂದ ಬುತ್ತಿ ಕಟ್ಟಿಕೊಂಡು ಹೊರಡಿರಿ. ನಿಧಾನವಾಗಿ ನೋಡಿರಿ, ಕಂಡುದನ್ನು ಬರೆದಿಡಿರಿ. ದೂರದ ಕೀರ್ತಿಯನ್ನು ಮೆಚ್ಚಿದವರು ನೆರೆಯ ಸಿರಿಯನ್ನು ಕಾಯಬೇಕು. ಇದೇ ನನ್ನ ಬಿನ್ನಹ.