ಏಳನೆಯ ಹಾಡಿಗೂ ಒಂದು ಚಿತ್ರ



ನಿಮಗೆ ಮೆಚ್ಚಿಗೆಯಾದ ಯಾವುದಾದರೂ ಒಂದು ಆಲ್ಬಂ ನೆನಪಿಸಿಕೊಳ್ಳಿ. ಅದರಲ್ಲಿ ಹತ್ತೋ ಹನ್ನೆರಡೋ ಹಾಡುಗಳಿರುತ್ತವೆ. ಮೊದಲ ಎರಡು ನಿಮಗೆ ಬಾಯಿಪಾಠವಾಗಿರುತ್ತವೆ. ಏಳನೆಯದು ಯಾವುದೆಂದು ಕೇಳಿದರೆ ಬಹುಶಃ ತಡವರಿಸುತ್ತೀರಿ. ತಪ್ಪು ನಿಮ್ಮದಷ್ಟೇ ಅಲ್ಲ. ಆ ಹಾಡನ್ನು ನಿಮಗೆ ಯಾರೂ ತೋರಿಸಿರುವುದಿಲ್ಲ. ಇಂದು ನಾನು ಮಾತನಾಡಹೊರಟಿರುವುದು ಆ ಏಳನೆಯ ಹಾಡಿನ ಬಗ್ಗೆ.

ಪಾಶ್ಚಾತ್ಯ ಜನಪ್ರಿಯ ಸಂಗೀತದಲ್ಲಿ ಬಹುಕಾಲದಿಂದ ಒಂದು ರೂಢಿಯಿದೆ. ಬ್ಯಾಂಡ್ ಒಂದು ಆಲ್ಬಂ ಸಿದ್ಧಪಡಿಸುತ್ತದೆ. ಧ್ವನಿಮುದ್ರಣ ಕಂಪನಿ ಅದರಲ್ಲಿ ಎರಡೋ ಮೂರೋ ಹಾಡುಗಳನ್ನು ಆರಿಸಿ ಬಿಡಿಯಾಗಿ ಹೊರತರುತ್ತದೆ. ಆ ಬಿಡಿಹಾಡುಗಳಿಗೆ ಮಾತ್ರ ವೀಡಿಯೋ ತಯಾರಾಗುತ್ತದೆ. ವೀಡಿಯೋ ಎಂಬುದು ಇಲ್ಲಿ ಮುಖ್ಯವಾಗಿ ಒಂದು ಜಾಹೀರಾತು. 1981ರ ಆಗಸ್ಟ್ 1ರಂದು ಅಮೆರಿಕದಲ್ಲಿ ಎಂಟಿವಿ ವಾಹಿನಿ ಆರಂಭವಾದ ಮೇಲೆ ಈ ರೂಢಿ ಇನ್ನಷ್ಟು ಗಟ್ಟಿಯಾಯಿತು. ಚಿತ್ರವುಳ್ಳ ಹಾಡು ಮನೆಮನೆ ತಲುಪಿತು. ಚಿತ್ರವಿಲ್ಲದ್ದು ಹಿಂದೆ ಉಳಿಯಿತು.

‘ನಮ್ಮ ಸಿನಿಮಾಗಳಲ್ಲಿ ಹೆಚ್ಚುಕಡಿಮೆ ಎಲ್ಲ ಹಾಡಿಗೂ ಚಿತ್ರ ಇದ್ದೇ ಇರುತ್ತದಲ್ಲ’ ಎಂದು ನೀವು ಕೇಳಬಹುದು. ನಿಜ. ಆದರೆ ಅಲ್ಲಿ ಕಥೆ ಮೊದಲು, ಹಾಡು ಆಮೇಲೆ. ಸನ್ನಿವೇಶಕ್ಕಾಗಿಯೇ ಹಾಡು ಹುಟ್ಟುತ್ತದೆ. ಬ್ಯಾಂಡುಗಳ ಆಲ್ಬಮ್ಮಿನಲ್ಲಿ ಹಾಡು ಕಿವಿಗೆಂದೇ ಹುಟ್ಟಿರುತ್ತದೆ. ಅಂಥ ಪ್ರತಿಯೊಂದು ಹಾಡಿಗೂ ಚಿತ್ರ ಮಾಡುತ್ತೇವೆಂದು ಹೊರಡುವುದು ಬೇರೆಯೇ ಮಾತು.

ಈ ಸಾಹಸವನ್ನು ಮೊದಮೊದಲು ಮಾಡಿದವರಲ್ಲಿ ನ್ಯೂಯಾರ್ಕಿನ ‘ಬ್ಲಾಂಡಿ’ ತಂಡ ಮುಖ್ಯವಾದುದು. 1979ರಲ್ಲಿ, ಎಂದರೆ ಎಂಟಿವಿ ಹುಟ್ಟುವುದಕ್ಕೆ ಎರಡು ವರ್ಷ ಮೊದಲೇ, ಅವರ ‘ಈಟ್ ಟು ದ ಬೀಟ್’ ಆಲ್ಬಂ ಬಂತು. ಅದರ ಹನ್ನೆರಡು ಹಾಡುಗಳಿಗೂ ಡೇವಿಡ್ ಮ್ಯಾಲೆಟ್ ಎಂಬ ನಿರ್ದೇಶಕರು ವೀಡಿಯೋ ಮಾಡಿದರು. ಹೆಚ್ಚಿನವು ವೇದಿಕೆಯ ಮೇಲೆ ತಂಡ ಹಾಡುವ ಸರಳ ದೃಶ್ಯಗಳು. ಒಂದನ್ನು ಮಾತ್ರ ನ್ಯೂಜೆರ್ಸಿಯ ಹಡಗುಕಟ್ಟೆಯೊಂದರಲ್ಲಿ ಚಿತ್ರೀಕರಿಸಿದರು. ಇಡೀ ಆಲ್ಬಂ ವೀಡಿಯೋ ಕ್ಯಾಸೆಟ್ ರೂಪದಲ್ಲೂ ಹೊರಬಂತು.

ಹನ್ನೆರಡು ಹಾಡುಗಳೆಂದರೆ ಎಷ್ಟು ಕೆಲಸ? ನಾನು ವಿಜ್ಞಾನ ಓದಿದವನು. ಲೆಕ್ಕ ಹಾಕದೆ ಸಮಾಧಾನವಿಲ್ಲ. ನಮ್ಮ ದೇಶದ ದೂರದರ್ಶನ ಪದ್ಧತಿಯಲ್ಲಿ ಒಂದು ಸೆಕೆಂಡಿಗೆ 25 ಚಿತ್ರಗಳು ಬೇಕು. ನಾಲ್ಕು ನಿಮಿಷದ ಹಾಡೆಂದರೆ 6,000 ಚಿತ್ರಗಳು. ಅಂಥ ಹನ್ನೆರಡಕ್ಕೆ 72,000. ಈ ಪ್ರತಿಯೊಂದು ಚಿತ್ರವೂ ತಾಳಕ್ಕೆ ಹೊಂದಿಕೊಳ್ಳಬೇಕು.

ಇದರಲ್ಲಿ ಭೌತಶಾಸ್ತ್ರವೂ ಇದೆ. ಹಾಡು ಸ್ಟುಡಿಯೋದಲ್ಲಿ ಮೊದಲೇ ಮುದ್ರಿತವಾಗಿರುತ್ತದೆ. ಚಿತ್ರೀಕರಣದ ಜಾಗದಲ್ಲಿ ಅದನ್ನು ಧ್ವನಿವರ್ಧಕದ ಮೂಲಕ ಕೇಳಿಸುತ್ತಾರೆ. ಗಾಯಕಿ ಅದಕ್ಕೆ ಸರಿಯಾಗಿ ತುಟಿಯಾಡಿಸುತ್ತಾಳೆ. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ಬಯಲಿನಲ್ಲಿ ಗಾಯಕಿ ಧ್ವನಿವರ್ಧಕದಿಂದ 34 ಮೀಟರ್ ದೂರ ನಿಂತಳೆನ್ನಿ. ಹಾಡು ಅವಳ ಕಿವಿಯನ್ನು ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ತಡವಾಗಿ ಮುಟ್ಟುತ್ತದೆ. ಅಷ್ಟರಲ್ಲಿ ಎರಡೂವರೆ ಚಿತ್ರಗಳು ದಾಟಿಹೋಗಿರುತ್ತವೆ. ನೋಡುವವರಿಗೆ ಏನೋ ಸರಿಯಿಲ್ಲ ಎನ್ನಿಸಲು ಇಷ್ಟು ಸಾಕು. ಅದಕ್ಕೇ ಧ್ವನಿವರ್ಧಕವನ್ನು ಗಾಯಕಿಯ ಹತ್ತಿರ, ಕ್ಯಾಮೆರಾಕ್ಕೆ ಕಾಣದಂತೆ ಇಡುತ್ತಾರೆ. ಒಂದು ಹಾಡಿಗೆ ಇಷ್ಟು ಎಚ್ಚರ. ಹನ್ನೆರಡಕ್ಕೂ ಅಷ್ಟೇ ಎಚ್ಚರ ಉಳಿಸಿಕೊಳ್ಳುವುದು ಸುಲಭವಲ್ಲ.

ಹಾಗಾದರೆ ಹೊರೆಯನ್ನು ಹೇಗೆ ಹೊರುವುದು? ಒಂದು ದಾರಿಯನ್ನು ನ್ಯೂಯಾರ್ಕಿನದೇ ಆದ ‘ಸೋನಿಕ್ ಯೂತ್’ ತಂಡ ತೋರಿಸಿತು. 1990ರಲ್ಲಿ ಬಂದ ಅವರ ‘ಗೂ’ ಆಲ್ಬಮ್ಮಿನ ಹನ್ನೊಂದು ಹಾಡುಗಳಿಗೂ ವೀಡಿಯೋ ಆಯಿತು. ಎಲ್ಲವನ್ನೂ ಒಬ್ಬರ ತಲೆಗೆ ಕಟ್ಟದೆ ಬೇರೆಬೇರೆ ನಿರ್ದೇಶಕರಿಗೆ ಹಂಚಿದರು. ಅವರಲ್ಲೊಬ್ಬರು ಟಾಡ್ ಹೇನ್ಸ್. ಮುಂದೆ ಚಲನಚಿತ್ರ ನಿರ್ದೇಶಕರಾಗಿ ದೊಡ್ಡ ಹೆಸರು ಗಳಿಸಿದವರು. ಹಂಚಿದ್ದರಿಂದ ಒಂದೊಂದು ಹಾಡಿಗೂ ಒಂದೊಂದು ಮುಖ ಬಂತು.

ನನಗೆ ಬಹಳ ಹಿಡಿಸಿದ ಉದಾಹರಣೆ ಮತ್ತೊಂದು. ‘ದೇ ಮೈಟ್ ಬಿ ಜೈಂಟ್ಸ್’ ಎಂಬ ಅಮೆರಿಕದ ಬ್ಯಾಂಡ್ 2009ರಲ್ಲಿ ಮಕ್ಕಳಿಗಾಗಿ ‘ಹಿಯರ್ ಕಮ್ಸ್ ಸೈನ್ಸ್’ ಎಂಬ ವಿಜ್ಞಾನಗೀತೆಗಳ ಆಲ್ಬಂ ತಂದಿತು. ಸಿ.ಡಿ.ಯ ಜೊತೆಗೇ ಹಾಡುಗಳ ದೃಶ್ಯರೂಪವಿದ್ದ ಡಿ.ವಿ.ಡಿ.ಯೂ ಇತ್ತು. ಅದರಲ್ಲಿ ಸೂರ್ಯನ ಮೇಲೊಂದು ಹಾಡು. ಅದು 1959ರಷ್ಟು ಹಳೆಯದು. ಸೂರ್ಯ ಕಾದು ಬೆಳಗುವ ಅನಿಲದ ರಾಶಿಯೆಂದು ಹೇಳುತ್ತದೆ. ಆದರೆ ಸೂರ್ಯನಲ್ಲಿರುವುದು ಸಾಮಾನ್ಯ ಅನಿಲವಲ್ಲ, ಪ್ಲಾಸ್ಮಾ. ಅತಿಯಾದ ಶಾಖದಿಂದ ಪರಮಾಣುಗಳು ಎಲೆಕ್ಟ್ರಾನುಗಳನ್ನು ಕಳಚಿಕೊಂಡ ಸ್ಥಿತಿ ಅದು. ತಂಡದವರು ಏನು ಮಾಡಿದರು ಗೊತ್ತೇ? ಹಳೆಯ ಹಾಡನ್ನು ಕೈಬಿಡಲಿಲ್ಲ. ಅದರ ಬೆನ್ನಿಗೇ ಇನ್ನೊಂದು ಹಾಡು ಇಟ್ಟು, ಅದರಲ್ಲಿ ತಿದ್ದುಪಡಿ ಹಾಡಿದರು. ಎರಡು ಜನಪ್ರಿಯ ಹಾಡುಗಳನ್ನಷ್ಟೇ ಆರಿಸುವ ರೂಢಿಯಲ್ಲಿ ತಿದ್ದುಪಡಿಯ ಹಾಡಿಗೆ ಜಾಗ ಸಿಗುವುದು ಕಷ್ಟ. ಎಲ್ಲರಿಗೂ ಜಾಗವಿದ್ದಾಗ ಸತ್ಯಕ್ಕೂ ಒಂದು ಜಾಗ ಸಿಕ್ಕಿತು.

ಬ್ಯಾಂಡುಗಳು ಹಾಕಿದ ಈ ಹಾದಿಯಲ್ಲಿ ಮುಂದೆ ಒಂಟಿ ಗಾಯಕರೂ ನಡೆದರು. ಗಾಯಕಿ ಬಿಯಾನ್ಸೆ 2013ರ ಡಿಸೆಂಬರ್ 13ರಂದು, ಮುನ್ಸೂಚನೆಯನ್ನೇ ಕೊಡದೆ, 14 ಹಾಡು ಮತ್ತು 17 ವೀಡಿಯೋಗಳ ಆಲ್ಬಂ ಬಿಡುಗಡೆ ಮಾಡಿದರು. ಮೊದಲ ಒಂದು ವಾರ ಹಾಡುಗಳನ್ನು ಬಿಡಿಯಾಗಿ ಮಾರಲೇ ಇಲ್ಲ. ಕೊಳ್ಳುವುದಾದರೆ ಇಡಿಯಾಗಿ ಕೊಳ್ಳಿ, ಇಡಿಯಾಗಿ ನೋಡಿ ಎಂಬುದೇ ಅದರ ಅರ್ಥ.

ಇದಕ್ಕೆ ಇನ್ನೊಂದು ಮುಖವೂ ಇದೆ. ಹಾಡು ಕೇಳುವಾಗ ನಿಮ್ಮ ಮನಸ್ಸಿನಲ್ಲಿ ನಿಮ್ಮದೇ ಒಂದು ಚಿತ್ರ ಮೂಡುತ್ತದೆ. ನಿಮ್ಮೂರಿನ ಕೆರೆ, ನಿಮ್ಮಜ್ಜಿಯ ಮುಖ, ಬಸ್ಸಿನ ಕಿಟಕಿ. ಬೇರೆಯವರು ಮಾಡಿದ ವೀಡಿಯೋ ಒಮ್ಮೆ ನೋಡಿದಿರೆಂದರೆ ನಿಮ್ಮ ಚಿತ್ರ ಮಸುಕಾಗುತ್ತದೆ. ಹನ್ನೆರಡು ಹಾಡಿಗೂ ವೀಡಿಯೋ ಬಂದರೆ ಹನ್ನೆರಡು ಸಲ ಹೀಗಾಗಬಹುದು. ದೃಶ್ಯವನ್ನೇ ಜೀವನೋಪಾಯ ಮಾಡಿಕೊಂಡ ನಾನೇ ಇದನ್ನು ಹೇಳುತ್ತಿದ್ದೇನೆ. ಮೊದಲು ಕಣ್ಣು ಮುಚ್ಚಿ ಕೇಳಿ, ಆಮೇಲೆ ನೋಡಿ. ನಿಮ್ಮ ಚಿತ್ರ, ಅವರ ಚಿತ್ರ ಎರಡನ್ನೂ ಹೋಲಿಸಿ.

ಈ ವಿಷಯ ನನ್ನನ್ನು ಇಷ್ಟು ಕಾಡಲು ಕಾರಣವೊಂದಿದೆ. ಹಲವು ವರ್ಷಗಳ ಹಿಂದೆ ಶಾಲಾ ಮಕ್ಕಳು ಹಾಡಿದ ಎಂಟು ಗೀತೆಗಳಿಗೆ ಚಿತ್ರ ಹೊಂದಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಹುಮ್ಮಸ್ಸಿನಲ್ಲಿ ಮೊದಲ ಎರಡು ಹಾಡಿಗೇ ಹಣ, ದಿನ, ಬುದ್ಧಿ ಎಲ್ಲವನ್ನೂ ಸುರಿದೆ. ಉಳಿದ ಆರನ್ನು ಅರ್ಧ ದಿನದಲ್ಲಿ ಮುಗಿಸಿದೆ. ಕಪಾಟಿನಲ್ಲಿದ್ದ ಹಳೆಯ ಟೇಪುಗಳಿಂದ ಹೂವು, ಮೋಡ, ಚಿಟ್ಟೆ ತೆಗೆದು ಅಂಟಿಸಿದೆ. ಪ್ರಸಾರದ ಮೊದಲು ಮಕ್ಕಳನ್ನು ಕರೆಸಿ ತೋರಿಸಿದೆವು. ಏಳನೆಯ ಹಾಡು ಹಾಡಿದ್ದ ಹುಡುಗಿ ಕೊನೆಯವರೆಗೂ ಸುಮ್ಮನಿದ್ದಳು. ಹೊರಡುವಾಗ ಹತ್ತಿರ ಬಂದು, ‘ಸಾರ್, ನನ್ನ ಹಾಡಿಗೆ ಬರೀ ಹೂವೇ ಯಾಕೆ?’ ಎಂದು ಕೇಳಿದಳು. ಅವಳ ಹಾಡಿನಲ್ಲಿ ಹೂವಿನ ಮಾತೇ ಇರಲಿಲ್ಲ. ಸಮಯ ಸಾಲಲಿಲ್ಲಮ್ಮ ಎಂದೆ. ಅದು ಪೂರ್ತಿ ನಿಜವಲ್ಲವೆಂದು ಅವಳಿಗೂ ತಿಳಿದಿತ್ತು.

ಸಮಯ ಇತ್ತು. ಅದನ್ನು ಎಂಟಕ್ಕೆ ಹಂಚಿರಲಿಲ್ಲ, ಅಷ್ಟೆ. ಅಂದಿನಿಂದ ಯಾವ ಸರಣಿ ಕೈಗೆ ಬಂದರೂ ನಾನು ಕೊನೆಯಿಂದ ಆರಂಭಿಸುತ್ತೇನೆ. ದುರ್ಬಲವೆನ್ನಿಸಿದ ಹಾಡಿಗೆ ಮೊದಲು ಚಿತ್ರ ಹುಡುಕುತ್ತೇನೆ. ಹಾಗೆ ಹುಡುಕುವಾಗ ಆ ಹಾಡು ದುರ್ಬಲವಾಗಿರಲಿಲ್ಲ, ನಾನೇ ಸರಿಯಾಗಿ ಕೇಳಿರಲಿಲ್ಲ ಎಂದು ಎಷ್ಟೋ ಸಲ ತಿಳಿದಿದೆ.

ಇಂದು ನಿಮ್ಮಲ್ಲಿ ಅನೇಕರ ಕೈಯಲ್ಲಿ ಕ್ಯಾಮೆರಾ ಇರುವ ಮೊಬೈಲ್ ಫೋನ್ ಇದೆ. ಕಾಲೇಜಿನ ವಾರ್ಷಿಕೋತ್ಸವಕ್ಕೆ ನಾಲ್ಕು ಹಾಡು ಕಟ್ಟುತ್ತೀರಿ ಎನ್ನೋಣ. ನಾಲ್ಕಕ್ಕೂ ಚಿತ್ರ ಮಾಡಿ ನೋಡಿ. ಮೊದಲು ಇರುವ ದಿನಗಳನ್ನು ನಾಲ್ಕು ಪಾಲು ಮಾಡಿ. ಒಂದೊಂದು ಹಾಡನ್ನು ಒಬ್ಬೊಬ್ಬರು ವಹಿಸಿಕೊಳ್ಳಿ. ಮಾತಿನಲ್ಲಿ ಮಳೆ ಬಂದರೆ ತೆರೆಯ ಮೇಲೂ ಮಳೆ ಸುರಿಸಬೇಡಿ. ಮಾತು ಹೇಳದೆ ಬಿಟ್ಟದ್ದನ್ನು ತೋರಿಸಿ. ಎಲ್ಲಕ್ಕಿಂತ ಮೊದಲು, ಯಾರಿಗೂ ಬೇಡವಾದ ಹಾಡು ಯಾವುದೆಂದು ನಿಮ್ಮೊಳಗೆ ಕೇಳಿಕೊಂಡು, ಕೆಲಸವನ್ನು ಅಲ್ಲಿಂದಲೇ ಶುರುಮಾಡಿ.