ಮರ್ರೆ ನದಿಯ ನೀರು ಮತ್ತು ಅರ್ಥಶಾಸ್ತ್ರದ ಲೆಕ್ಕ
(ಪದವಿ ಪ್ರದಾನ ಸಮಾರಂಭದಲ್ಲಿ ವಿದ್ಯಾರ್ಥಿಯ ಭಾಷಣ)



ಇವತ್ತು ನಾನು ನೀರಿನ ಬಗ್ಗೆ ಮಾತಾಡುತ್ತೇನೆ. ಬೆಂಗಳೂರು ಕಾವೇರಿ ನೀರು ಕುಡಿಯುವ ಹಾಗೆ ನಮ್ಮ ಅಡಿಲೇಡ್ ಮರ್ರೆ ನದಿಯ ನೀರು ಕುಡಿಯುತ್ತದೆ. ಬರಗಾಲದ ವರ್ಷಗಳಲ್ಲಿ ಇಲ್ಲಿನ ನಲ್ಲಿ ನೀರಿನ ಬಹುಪಾಲು ಅಲ್ಲಿಂದಲೇ ಬಂದಿದೆ. ಮರ್ರೆ–ಡಾರ್ಲಿಂಗ್ ಜಲಾನಯನ ಪ್ರದೇಶ 10 ಲಕ್ಷ ಚದರ ಕಿಲೋಮೀಟರಿಗೂ ದೊಡ್ಡದು. ಅದರೊಳಗೆ ಐದು ಕರ್ನಾಟಕಗಳನ್ನು ಇಡಬಹುದು. ನಾಲ್ಕು ರಾಜ್ಯಗಳು ಆ ನೀರನ್ನು ಹಂಚಿಕೊಳ್ಳುತ್ತವೆ, ಆದ್ದರಿಂದ ಜಗಳವೂ ಇದೆ. ಮೇಲಿನವರು ಹೆಚ್ಚು ತೆಗೆದರೆ ಕೊನೆಯಲ್ಲಿರುವ ನಮಗೆ ಕಡಿಮೆ. 1981ರಲ್ಲಿ ನದಿ ಸಮುದ್ರ ಸೇರುವ ಜಾಗ ಮರಳಿನಿಂದ ಮುಚ್ಚಿಹೋಯಿತು. 1991ರಲ್ಲಿ ಡಾರ್ಲಿಂಗ್ ನದಿಯಲ್ಲಿ 1,000 ಕಿಲೋಮೀಟರ್ ಉದ್ದಕ್ಕೆ ವಿಷದ ಪಾಚಿ ಹಬ್ಬಿತು.

ಕೊನೆಗೆ 1995ರಲ್ಲಿ ಸರ್ಕಾರಗಳು ನದಿಯಿಂದ ತೆಗೆಯುವ ನೀರಿಗೆ ಮಿತಿ ಹಾಕಿದವು. ಆಗ ಹೊಸ ಪ್ರಶ್ನೆ ಎದ್ದಿತು: ಇರುವಷ್ಟು ನೀರು ಯಾರಿಗೆ ಸೇರಬೇಕು? ಅರ್ಥಶಾಸ್ತ್ರಜ್ಞರು ಒಂದು ದಾರಿ ಹೇಳಿದರು. ನೀರಿನ ಹಕ್ಕನ್ನು ಜಮೀನಿನಿಂದ ಬೇರ್ಪಡಿಸಿ. ರೈತರು ತಮ್ಮ ಪಾಲನ್ನು ಬೇಕಾದರೆ ಮಾರಲಿ, ಬೇಕಾದರೆ ಕೊಳ್ಳಲಿ ಎಂದರು.

ಒಂದು ಉದಾಹರಣೆ ನೋಡೋಣ. ಒಬ್ಬರದು ಭತ್ತದ ಗದ್ದೆ, ಇನ್ನೊಬ್ಬರದು ಬಾದಾಮಿ ತೋಟ. ಬರ ಬಂದಾಗ ಭತ್ತವನ್ನು ಒಂದು ವರ್ಷ ಬಿಡಬಹುದು. ಬಾದಾಮಿ ಮರ ಒಣಗಿದರೆ ಮತ್ತೆ ಬೆಳೆಸಲು ವರ್ಷಗಳೇ ಬೇಕು. ಹಾಗಾಗಿ ತೋಟದವರು ಒಳ್ಳೆಯ ಬೆಲೆ ಕೊಟ್ಟು ನೀರು ಕೊಳ್ಳುತ್ತಾರೆ. ಗದ್ದೆಯವರಿಗೆ ಬೆಳೆ ಇಲ್ಲದಿದ್ದರೂ ಆದಾಯ ಬರುತ್ತದೆ. 2000ದ ದಶಕದ ಭೀಕರ ಬರದಲ್ಲಿ ಹೀಗೇ ಆಯಿತು. ಭತ್ತದ ಬೆಳೆ ಬಹುತೇಕ ನಿಂತೇಹೋಯಿತು. ನೀರಾವರಿಗೆ ಬಳಸಿದ ನೀರು ಸುಮಾರು ಮೂರನೇ ಎರಡು ಭಾಗ ಇಳಿಯಿತು. ಆದರೆ ಆ ಬೆಳೆಗಳ ಒಟ್ಟು ಮೌಲ್ಯ ಅಷ್ಟು ಕುಸಿಯಲಿಲ್ಲ. ಬೆಳೆಗಳ ಬೆಲೆ ಏರಿದ್ದೂ ಒಂದು ಕಾರಣ, ನೀರಿನ ವ್ಯಾಪಾರವೂ ಒಂದು ಕಾರಣ.

ಎರಡನೆಯ ಪಾಠ ಇದಕ್ಕಿಂತ ಕಷ್ಟದ್ದು. 2012ರ ಯೋಜನೆ ವರ್ಷಕ್ಕೆ 2,750 ಗಿಗಾಲೀಟರ್ ನೀರನ್ನು ನದಿಗೇ ಬಿಡಬೇಕು ಎಂದಿತು. ನಮ್ಮ ಲೆಕ್ಕದಲ್ಲಿ ಅದು ಸುಮಾರು 97 ಟಿಎಂಸಿ. ಕೆಆರ್‌ಎಸ್ ಸುಮಾರು ಎರಡು ಸಲ ತುಂಬುವಷ್ಟು! ಇಷ್ಟು ನೀರು ತರಲು ಎರಡು ದಾರಿಗಳಿದ್ದವು. ಒಂದು, ಮಾರಲು ಒಪ್ಪಿದ ರೈತರಿಂದ ಸರ್ಕಾರವೇ ಹಕ್ಕನ್ನು ಕೊಳ್ಳುವುದು. ಇನ್ನೊಂದು, ಕಾಲುವೆ ರಿಪೇರಿಗೆ ಹಣ ಕೊಟ್ಟು, ಉಳಿದ ನೀರನ್ನು ಪಡೆಯುವುದು.

ಎರಡನೆಯದೇ ಒಳ್ಳೆಯದೆಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ಸರ್ಕಾರಕ್ಕೆ ಸಲಹೆ ಕೊಡುವ ಪ್ರೊಡಕ್ಟಿವಿಟಿ ಕಮಿಷನ್ 2010ರಲ್ಲೇ ಕೊಳ್ಳುವ ದಾರಿ ಅಗ್ಗ ಎಂದು ಹೇಳಿತ್ತು. ಇನ್ನೊಂದು ತೊಡಕೂ ಇದೆ. ಕಾಲುವೆಯಿಂದ ಸೋರಿದ ನೀರಿನಲ್ಲಿ ಒಂದಷ್ಟು ನೆಲದೊಳಗಿಂದ ಮತ್ತೆ ನದಿಗೇ ಸೇರುತ್ತದೆ. ಅಂದರೆ ‘ಉಳಿಸಿದ’ ನೀರೆಲ್ಲ ಹೊಸ ನೀರಲ್ಲ.

ಆದರೂ 2015ರಲ್ಲಿ ಸಂಸತ್ತು ಸರ್ಕಾರದ ಖರೀದಿಗೆ 1,500 ಗಿಗಾಲೀಟರ್ ಮಿತಿ ಹಾಕಿತು. 2023ರಲ್ಲಿ ಅದನ್ನು ತೆಗೆಯಿತು. ಯಾಕೆ ಈ ಹಗ್ಗಜಗ್ಗಾಟ? ನೀರು ಮಾರಿದ ರೈತನಿಗೆ ಹಣ ಸಿಗುತ್ತದೆ. ಅದೇ ಊರಿನ ಅಂಗಡಿಯವನಿಗೆ, ಟ್ರ್ಯಾಕ್ಟರ್ ಮೆಕ್ಯಾನಿಕ್‌ಗೆ, ಮಕ್ಕಳು ಕಡಿಮೆಯಾಗುತ್ತಿರುವ ಶಾಲೆಗೆ ಏನೂ ಸಿಗುವುದಿಲ್ಲ. ಅವರ ಸಿಟ್ಟು ಸುಳ್ಳಲ್ಲ. ಊರು ಬಡವಾಗಲು ನೀರಿನ ಮಾರಾಟ ಎಷ್ಟು ಕಾರಣ, ಬರ ಎಷ್ಟು, ಯಂತ್ರಗಳು ಎಷ್ಟು ಎಂದು ಬಿಡಿಸಿ ನೋಡುವುದೂ ಸಂಶೋಧಕರ ಕೆಲಸವೇ. ಅದು ಗೊತ್ತಾದರೆ ಸಹಾಯ ಯಾರಿಗೆ ತಲುಪಬೇಕೆಂದು ಗೊತ್ತಾಗುತ್ತದೆ.

ಮಾರುಕಟ್ಟೆಗೆ ಕಾಣದವರೂ ಇದ್ದಾರೆ. 2018–19ರ ಬೇಸಿಗೆಯಲ್ಲಿ ಮೆನಿಂಡಿ ಬಳಿ ಲಕ್ಷಾಂತರ ಮೀನುಗಳು ಸತ್ತು ತೇಲಿದವು. ಮೀನು ನೀರು ಕೊಳ್ಳಲು ಬರುವುದಿಲ್ಲ. ಸಾವಿರಾರು ವರ್ಷಗಳಿಂದ ಈ ನದಿಗಳ ದಡದಲ್ಲಿರುವ ಮೂಲನಿವಾಸಿ ಸಮುದಾಯಗಳ ಕೈಯಲ್ಲಿರುವ ನೀರಿನ ಹಕ್ಕು ಶೇಕಡ 1ಕ್ಕಿಂತಲೂ ಕಡಿಮೆ. ಬೆಲೆ ಎಷ್ಟು ಎಂದು ಮಾರುಕಟ್ಟೆ ಹೇಳುತ್ತದೆ. ಮೊದಲ ಪಾಲು ಯಾರಿಗೆ ಎಂಬುದನ್ನು ನಾವೇ, ಅಂದರೆ ಜನರೇ, ತೀರ್ಮಾನಿಸಬೇಕು.

ನಮ್ಮ ಮನೆಗಳಲ್ಲಿ ಕಾವೇರಿ ಸುದ್ದಿ ಬಂದಾಗ ದನಿ ಏರುತ್ತದೆ. 2018ರಲ್ಲಿ ಸುಪ್ರೀಂ ಕೋರ್ಟ್ ಕರ್ನಾಟಕಕ್ಕೆ 284.75 ಟಿಎಂಸಿ, ತಮಿಳುನಾಡಿಗೆ 404.25 ಟಿಎಂಸಿ ಎಂದು ಹಂಚಿತು. ಅದು ಸಾಧಾರಣ ಮಳೆಯ ವರ್ಷದ ಲೆಕ್ಕ. ಜಗಳ ಹತ್ತುವುದು ಮಳೆ ಕೈಕೊಟ್ಟ ವರ್ಷ. ಅಲ್ಲೂ ನೀರಿನ ಮಾರುಕಟ್ಟೆ ತನ್ನಿ ಎಂದು ನಾನು ಹೇಳುತ್ತಿಲ್ಲ. ಎರಡೆಕರೆ ಗದ್ದೆಯ ಮಂಡ್ಯದ ರೈತನಿಗೆ ನೀರಿನ ಮೀಟರೂ ಇಲ್ಲ, ಮಾರುವಂಥ ಹಕ್ಕುಪತ್ರವೂ ಇಲ್ಲ. ಆದರೆ ಒಂದು ಪ್ರಶ್ನೆ ಎರಡೂ ನದಿಗಳಿಗೆ ಸಲ್ಲುತ್ತದೆ: ಈ ವರ್ಷ ಬೆಳೆ ಬಿಡುವವರಿಗೆ ಆಗುವ ನಷ್ಟ ಎಷ್ಟು, ಅದನ್ನು ತುಂಬಿಕೊಡುವವರು ಯಾರು? ‘ನೀರು ಯಾರದು’ ಎಂಬ ಪ್ರಶ್ನೆಗೆ ಉತ್ತರ ಸಿಕ್ಕ ಮೇಲೂ ಇದು ಉಳಿಯುತ್ತದೆ. ಇದಕ್ಕೆ ಉತ್ತರ ಸಿಗದಿದ್ದರೆ ತೀರ್ಪು ಬಂದರೂ ಸಮಾಧಾನ ಬರುವುದಿಲ್ಲ.

ಮರ್ರೆ–ಡಾರ್ಲಿಂಗ್ ಯೋಜನೆಯ ಮರುಪರಿಶೀಲನೆ 2026ಕ್ಕೆ ನಿಗದಿಯಾಗಿದೆ. ನನಗೆ ಮತದಾನದ ಹಕ್ಕು ಬರಲು ಇನ್ನೂ ಎರಡು ವರ್ಷ ಇದೆ. ನಿಮ್ಮಲ್ಲಿ ಹಲವರಿಗೆ ಈಗಲೇ ಇದೆ. ಮತ ಕೇಳಲು ಬರುವವರನ್ನು ದಯವಿಟ್ಟು ಈ ಪ್ರಶ್ನೆ ಕೇಳಿ. ‘ರೈತರ ಪರ’, ‘ನದಿಯ ಪರ’ ಎಂಬ ಮಾತಿಗೆ ತೃಪ್ತರಾಗಬೇಡಿ, ಲೆಕ್ಕ ಕೇಳಿ. ಲೆಕ್ಕದಲ್ಲಿ ಯಾರ ಹೆಸರು ಬಿಟ್ಟುಹೋಗಿದೆ ಎಂದೂ ಕೇಳಿ.